ಪುಲಿಕೇಶಿಯೋ ಪುಲಕೇಶಿಯೋ: ಒಂದು ಗುಡಿಸಿನ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಮನೆಗೆ ಬಂದಾಗ ನಾನು ‘ಬಾದಾಮಿ ಚಾಲುಕ್ಯರ ಆಡಳಿತ ಪದ್ಧತಿ’ ಎಂಬ ಲೇಖನ ಕೊಡುವುದೆಂದು ನಿಶ್ಚಯಿಸಿದ್ದೆ. ಸಮಿತಿಯಲ್ಲಿದ್ದವರು ಹೆಚ್ಚಿನವರು ನನ್ನ ವಿದ್ಯಾರ್ಥಿಗಳೇ. ಅವರಲ್ಲೊಬ್ಬ, “ಸರ್, ಅದನ್ನ ಎಂಟನೇ ಇಯತ್ತೆಯೊಳಗ ನೀವು ನಮಗ ಹೇಳೇ ಹೇಳೀರಿ. ಬ್ಯಾರೆ ಏನರ ಬರೀರಲ್ಲ,” ಎಂದ. ಹುಡುಗ ಹೇಳಿದ್ದು ಸರಿಯೆನಿಸಿತು. ಹೀಗಾಗಿ ಚಾಲುಕ್ಯರನ್ನು ಪೂರ್ತಿ ಬಿಡದೆ, ಅವರ ಒಂದು ಹೆಸರನ್ನು ಮಾತ್ರ ಹಿಡಿದುಕೊಂಡು ಬರೆಯುತ್ತಿದ್ದೇನೆ. ಆ ಹೆಸರಿನ ಒಬ್ಬ ಹುಡುಗ ನಮ್ಮ ಶಾಲೆಯಲ್ಲಿ ಓದಿದ್ದಾನೆ. ಅವನಿಗೆ ನಾನು ಕೊಡಬೇಕಾದ ಒಂದು ಲೆಕ್ಕ ಬಾಕಿ ಇದೆ.

ನಾನು ಇತಿಹಾಸ ಶಿಕ್ಷಕನಾಗಿ ಈ ಶಾಲೆಗೆ ಬಂದದ್ದು 1981ರಲ್ಲಿ. ಆಗ ನಮ್ಮದು ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಿರಿಯ ಶಿಕ್ಷಕನೆಂದು ಜೂನ್ ತಿಂಗಳ ಪ್ರವೇಶದ ಕೆಲಸ ನನ್ನ ತಲೆಗೇ ಬರುತ್ತಿತ್ತು. ಅಕ್ಷರ ದುಂಡಗಿದ್ದದ್ದೂ ಒಂದು ಕಾರಣ. ಪ್ರಾಥಮಿಕ ಶಾಲೆಯ ಟಿ.ಸಿ. ನೋಡಿ ಪ್ರವೇಶ ರಜಿಸ್ಟರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಇಳಿಸುವುದು. ಆ ಕಾಲದ ಪುಟಗಳನ್ನು ಇವತ್ತು ತಿರುವಿದರೆ ಬಸವರಾಜ, ಮಲ್ಲಪ್ಪ, ಹನಮಂತ, ಯಲ್ಲಪ್ಪ, ನಿಂಗಪ್ಪ, ಸಿದ್ದಪ್ಪ, ಮಹಬೂಬಸಾಬ ಇವರೇ ತುಂಬಿದ್ದಾರೆ. ಮನೆದೇವರ ಹೆಸರು, ಇಲ್ಲವೇ ಅಜ್ಜನ ಹೆಸರು. ಅಜ್ಜನಿಗೂ ಮನೆದೇವರ ಹೆಸರೇ ಇರುತ್ತಿದ್ದುದರಿಂದ ಎರಡೂ ಒಂದೇ. ಮುಂದಿನ ಪುಟಗಳಲ್ಲಿ ಮಂಜುನಾಥ, ಸಂತೋಷ, ಪ್ರವೀಣ ಬರುತ್ತಾರೆ. ಈಗಿನ ಮಕ್ಕಳ ಹೆಸರುಗಳನ್ನು ಹಾಜರಿ ಕೂಗುವಾಗ ನಾಲಗೆ ಎರಡು ಸಲ ತಡವರಿಸುತ್ತದೆ ಎಂದು ಈಗಿನ ಶಿಕ್ಷಕರೇ ಹೇಳುತ್ತಾರೆ.

1983ರ ಜೂನಿನಲ್ಲಿ ಒಬ್ಬ ಗೌಂಡಿ ತನ್ನ ಮಗನನ್ನು ಕೈಹಿಡಿದು ಕರೆತಂದ. ಟಿ.ಸಿ.ಯಲ್ಲಿ ಹುಡುಗನ ಹೆಸರು ‘ಪುಲಿಕೇಶಿ’ ಎಂದಿತ್ತು. ನಾನು ಪೆನ್ನು ಕೆಳಗಿಟ್ಟು ತಲೆ ಎತ್ತಿ ನೋಡಿದೆ. ಐಹೊಳೆ, ಬಾದಾಮಿಗಳ ನೆರಳಲ್ಲಿ ಬದುಕುವ ನಮ್ಮ ಭಾಗದಲ್ಲಿ ಆ ಹೆಸರಿನ ಹುಡುಗನನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. “ಯಾರ ಹೆಸರಪ್ಪಾ ಇದು?” ಎಂದರೆ, ಅಪ್ಪ ನಾಚಿಕೊಂಡು, “ರಾಜಕುಮಾರಂದ್ರಿ,” ಎಂದ. 1967ರಲ್ಲಿ ಬಂದ ‘ಇಮ್ಮಡಿ ಪುಲಿಕೇಶಿ’ ಚಿತ್ರವನ್ನು ಆತ ಜಾತ್ರೆಯ ಟೂರಿಂಗ್ ಟಾಕೀಸಿನಲ್ಲಿ ಮೂರು ರಾತ್ರಿ ನೋಡಿದ್ದನಂತೆ. ಗಂಡು ಹುಟ್ಟಿದರೆ ಇದೇ ಹೆಸರೆಂದು ಅಲ್ಲಿಯೇ ನಿರ್ಧಾರ. ತೊಟ್ಟಿಲಿಗೆ ಹಾಕುವ ದಿನ ಹುಡುಗನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು. ಆಕೆಗೆ ನಾಲಗೆ ಹೊರಳಲಿಲ್ಲ. ಹೆಣ್ಣುಮಕ್ಕಳು ಬೆನ್ನಿಗೆ ಗುದ್ದುತ್ತ, “ಲಗೂ ಹೇಳ,” ಎಂದು ಅವಸರ ಮಾಡಿದಾಗ ಆಕೆ ಹೇಳಿದ್ದು ‘ಪುಲಿಕೇಸಿ’.

ಇಲ್ಲಿ ನನ್ನ ಜಾಣತನ ಅಡ್ಡಬಂತು. ನಾನು ಬಿ.ಎ.ಯಲ್ಲಿ ಓದಿದ ಪುಸ್ತಕದಲ್ಲಿ ‘ಪುಲಕೇಶಿ’ ಎಂದಿತ್ತು. ಐಹೊಳೆಯ ಶಾಸನದಲ್ಲಿಯೂ ಹಾಗೇ ಇದೆಯೆಂದು ನನ್ನ ನಂಬಿಕೆ. ಸಿನಿಮಾದವರು ಕೆಡಿಸಿದ್ದಾರೆ, ಹಳ್ಳಿಯ ಶಾಲೆಯವರು ಅದನ್ನೇ ಬರೆದಿದ್ದಾರೆ ಎಂದುಕೊಂಡು, ಯಾರನ್ನೂ ಕೇಳದೆ, ಗುಡಿಸು ಬಿಟ್ಟು ತಲೆಕಟ್ಟು ಕೊಟ್ಟು ರಜಿಸ್ಟರಿನಲ್ಲಿ ‘ಪುಲಕೇಶಿ’ ಎಂದು ದುಂಡಗೆ ಬರೆದೆ. ಅಪ್ಪ ಹೆಬ್ಬೆಟ್ಟು ಒತ್ತಿ ಹೋದ.

ಹುಡುಗ ಓದಿನಲ್ಲಿ ನಡುತರ, ಕಬಡ್ಡಿಯಲ್ಲಿ ಮುಂದೆ. ತರಗತಿಯಲ್ಲಿ ಚಾಲುಕ್ಯರ ಪಾಠ ಬಂದ ವಾರ ಅವನಿಗೆ ಹಬ್ಬವೂ ಹೌದು, ಶಿಕ್ಷೆಯೂ ಹೌದು. ಹಿಂದಿನ ಬೆಂಚಿನವರು, “ನರ್ಮದಾ ನದಿ ದಾಟಿ ಬಾ ಹೋಗಲೇ,” ಎನ್ನುವರು. ಆ ವರ್ಷ ಒಬ್ಬ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ‘ಇಮ್ಮಡಿ ಪುಲಕೇಶಿ ಎಂದರೆ ಒಂದನೆಯ ಪುಲಕೇಶಿಗಿಂತ ಎರಡು ಪಟ್ಟು ದೊಡ್ಡವನು’ ಎಂದು ಬರೆದಿದ್ದ. ಅದಕ್ಕೆ ಅರ್ಧ ಅಂಕ ಕೊಟ್ಟೆ. ಆಟದ ಬಯಲಲ್ಲಿ ಮಾತ್ರ ಆ ಹೆಸರು ಯಾರಿಗೂ ಉದ್ದವಾಗುತ್ತಿತ್ತು. ಮೊದಲು ‘ಪುಲ್ಯಾ’ ಆಯಿತು, ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ‘ಹುಲ್ಯಾ’, ಕಬಡ್ಡಿ ಗೆದ್ದ ದಿನ ‘ನಮ್ಮ ಹುಲಿ’. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

1986ರಲ್ಲಿ ಅವನು ಎಸ್.ಎಸ್.ಎಲ್.ಸಿ. ಪಾಸಾದ. ಅಂಕಪಟ್ಟಿ ನಮ್ಮ ರಜಿಸ್ಟರಿನಂತೆಯೇ ಬಂತು: ಪುಲಕೇಶಿ.

1993ರಲ್ಲಿ ಒಂದು ಮಧ್ಯಾಹ್ನ ಅವನು ಶಾಲೆಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಸರಕಾರಿ ನೌಕರಿಯ ಆಯ್ಕೆಪಟ್ಟಿಯಲ್ಲಿ ಅವನ ನಂಬರ್ ಬಂದಿತ್ತು. ಆದರೆ ಜಾತಿ ಪ್ರಮಾಣಪತ್ರ ಪ್ರಾಥಮಿಕ ಶಾಲೆಯ ದಾಖಲೆ ನೋಡಿ ಕೊಟ್ಟದ್ದು, ಅದರಲ್ಲಿ ‘ಪುಲಿಕೇಶಿ’. ಅಂಕಪಟ್ಟಿಯಲ್ಲಿ ‘ಪುಲಕೇಶಿ’. ಕಾಗದ ನೋಡುವವರು ಇವರಿಬ್ಬರೂ ಒಬ್ಬನೇ ಎನ್ನುವುದಕ್ಕೆ ಆಧಾರ ಕೇಳಿದ್ದರು. ಆ ಕಚೇರಿಯ ಹೆಸರು ಇಲ್ಲಿ ಬೇಡ; ಅವರು ಕೇಳಿದ್ದರಲ್ಲಿ ತಪ್ಪೂ ಇಲ್ಲ. ನಾನು ಕಪಾಟಿನಿಂದ ರಜಿಸ್ಟರ್ ತೆಗೆದು ಆ ಪುಟ ತೆರೆದೆ. ನನ್ನದೇ ಅಕ್ಷರ. ಏನು ನಡೆದಿದೆ ಎಂಬುದು ಆ ಕ್ಷಣ ನನಗೆ ಪೂರ್ತಿ ತಿಳಿಯಿತು. ಆದರೂ ನಾನು ಹೇಳಿದ್ದು, “ಪ್ರಾಥಮಿಕ ಶಾಲಿಯವರು ತಪ್ಪು ಬರದಿರಬೇಕಪಾ,” ಎಂದು. ಅವನು ಏನೂ ಅನ್ನಲಿಲ್ಲ. ಮುಖ್ಯೋಪಾಧ್ಯಾಯರ ಪತ್ರ ಮಾಡಿಸಿಕೊಟ್ಟೆವು, ಅಫಿಡವಿಟ್ ಮಾಡಿಸಿದ, ತಾಲೂಕಿಗೂ ಜಿಲ್ಲೆಗೂ ಓಡಾಡಿದ. ಅಷ್ಟರಲ್ಲಿ ಕೊಟ್ಟ ಗಡುವು ದಾಟಿತ್ತು. ಆ ಸಲದ ಪಟ್ಟಿಯಲ್ಲಿ ಅವನ ಹೆಸರು ಉಳಿಯಲಿಲ್ಲ. ಮುಂದಿನ ಆಯ್ಕೆಯಲ್ಲಿ ನೌಕರಿ ಸಿಕ್ಕಿತು, ಎರಡು ವರ್ಷ ತಡವಾಗಿ. ಆ ಎರಡು ವರ್ಷ ಅಪ್ಪನ ಜೊತೆ ಕಲ್ಲು ಹೊತ್ತ.

ಅವನ ಪ್ರಕರಣದ ಮರುವರ್ಷ ಬೇಸಿಗೆ ರಜೆಯಲ್ಲಿ ನಾನು ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತೆ. ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ ಐಹೊಳೆ ಶಾಸನವಿದೆ. ವರ್ಷವರ್ಷವೂ ಮಕ್ಕಳನ್ನು ಮೇಗುಟಿ ಗುಡ್ಡಕ್ಕೆ ಹತ್ತಿಸಿ, ಗೋಡೆಯ ಮೇಲಿನ ಆ ಶಾಸನದತ್ತ ಕೋಲು ತೋರಿಸಿ ಭಾಷಣ ಮಾಡಿದವನು ನಾನು. ಅದರ ಪಾಠವನ್ನು ಅಕ್ಷರಕ್ಕಕ್ಷರ ಓದಿದ್ದು ಅದೇ ಮೊದಲು. ಶಕವರ್ಷ 556, ಅಂದರೆ ಕ್ರಿ.ಶ. 634ರ ಶಾಸನ. ರವಿಕೀರ್ತಿ ಬರೆದ ಸಂಸ್ಕೃತ ಕಾವ್ಯ. ಹರ್ಷವರ್ಧನನ ಸೋಲನ್ನು ಹೇಳುವಾಗ ಅವನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿದ ಕವಿ ಈತ. ಅಂದರೆ ಹೆಸರಿನ ಅಕ್ಷರಗಳ ಬಗೆಗೆ ಅಸಡ್ಡೆಯವನಲ್ಲ. ತನ್ನ ದೊರೆಯ ಹೆಸರನ್ನು ಅವನು ಹೇಗೆ ಬರೆದಿದ್ದಾನೆ ಎಂದು ಬೆರಳಿಟ್ಟು ಹುಡುಕಿದೆ. ‘ಪುಲಕೇಶಿ’ ಅಲ್ಲ. ‘ಪುಲಿಕೇಶಿ’ಯೂ ಅಲ್ಲ. ‘ಪೊಲೆಕೇಶಿ’ ಎಂದಿತ್ತು!

ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸುಮ್ಮನೆ ಕುಳಿತೆ. ಯಾವ ಶಾಸನದ ಧೈರ್ಯದ ಮೇಲೆ ಗೌಂಡಿಯ ಮಗನ ಹೆಸರು ತಿದ್ದಿದ್ದೆನೋ ಆ ಶಾಸನ ನನ್ನ ಪರವಾಗಿ ಇರಲೇ ಇಲ್ಲ.

ಆಮೇಲೆ ಓದುತ್ತ ಹೋದಂತೆ ವಿಷಯ ಇನ್ನೂ ಬಿಚ್ಚಿಕೊಂಡಿತು. ಆ ಮನೆತನದ ಹೆಸರುಗಳೇ ಒಂದು ರೂಪದಲ್ಲಿ ನಿಲ್ಲುವುದಿಲ್ಲ. ಬಾದಾಮಿಯ ಕೋಟೆ ಕಟ್ಟಿಸಿದ ಒಂದನೆಯ ಪುಲಕೇಶಿಯ ಬಂಡೆಗಲ್ಲಿನ ಶಾಸನ ಶಕ 465ರದು, ಅಂದರೆ ಕ್ರಿ.ಶ. 543. ಅದರಲ್ಲಿ ಅವನನ್ನು ಕರೆದಿರುವುದು ‘ಚಲಿಕ್ಯ ವಲ್ಲಭೇಶ್ವರ’ ಎಂದು. ಪುಲಕೇಶಿ ಎಂಬ ಮಾತಿಲ್ಲ. ಚಾಲುಕ್ಯ ಎಂಬುದೂ ಅಲ್ಲಿ ‘ಚಲಿಕ್ಯ’. ಬೇರೆ ಬೇರೆ ಶಾಸನಗಳಲ್ಲಿ ಚಲ್ಕ್ಯ, ಚಲುಕ್ಯ, ಚಾಲುಕ್ಯ ಎಂದು ಬೆಳೆಯುತ್ತದೆ. ಇಮ್ಮಡಿ ಪುಲಕೇಶಿಗೆ ಪಟ್ಟಕ್ಕೆ ಬರುವ ಮೊದಲು ‘ಎರೆಯ’ ಎಂಬ ಅಚ್ಚಗನ್ನಡ ಹೆಸರಿತ್ತೆಂದು ಅನಂತಪುರ ಜಿಲ್ಲೆಯ ಪೆದ್ದವಡುಗೂರಿನ ಶಾಸನದಿಂದ ಇತಿಹಾಸಕಾರರು ಊಹಿಸುತ್ತಾರೆ. ಮನೆಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಹೆಸರು ಎನ್ನುವುದು ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಬಾದಾಮಿಯ ಅರಮನೆಯಲ್ಲಿಯೂ ಇತ್ತೆಂದಾಯಿತು.

ಅಜ್ಜನ ಹೆಸರಿಡುವ ಪದ್ಧತಿಯೂ ಅಷ್ಟೇ. ಒಂದನೆಯ ಪುಲಕೇಶಿಯ ಮಗ ಕೀರ್ತಿವರ್ಮ, ಅವನ ಮಗ ಇಮ್ಮಡಿ ಪುಲಕೇಶಿ. ಮೊಮ್ಮಗನಿಗೆ ಅಜ್ಜನ ಹೆಸರು, ನಮ್ಮ ಬಸಪ್ಪನ ಮೊಮ್ಮಗ ಬಸವರಾಜನಾದ ಹಾಗೆ.

ಹೆಸರಿನ ಅರ್ಥದಲ್ಲಿಯೂ ಒಮ್ಮತವಿಲ್ಲ. ಹಳಗನ್ನಡದಲ್ಲಿ ‘ಪುಲಿ’ ಎಂದರೆ ಹುಲಿ. ‘ಕೇಶಿ’ ಎಂದರೆ ಕೂದಲುಳ್ಳವನು. ಅರ್ಧ ಕನ್ನಡ ಅರ್ಧ ಸಂಸ್ಕೃತ ಸೇರಿಸಿ ‘ಹುಲಿಯಂಥ ಕೇಸರವುಳ್ಳವನು’ ಎನ್ನುವವರು ಒಂದು ಕಡೆ. ಹೆಸರು ಪೂರ್ತಿ ಸಂಸ್ಕೃತದ್ದೇ, ‘ಮಹಾಸಿಂಹ’ ಎಂಬಂಥ ಅರ್ಥ ಎನ್ನುವವರು ಇನ್ನೊಂದು ಕಡೆ. ‘ಪುಲಕ’ ಎಂದರೆ ರೋಮಾಂಚವಾದ್ದರಿಂದ ಸಂಸ್ಕೃತ ಬಲ್ಲವರ ಬಾಯಲ್ಲಿ ‘ಪುಲಕೇಶಿ’ ಸಲೀಸಾಗಿ ಕೂರುತ್ತದೆ. ನನಗಂತೂ ಹುಲಿಯ ಪಕ್ಷವೇ ಹಿಡಿಸುತ್ತದೆ. ಅದಕ್ಕೆ ವಿದ್ವತ್ತಿನ ಕಾರಣ ಕಡಿಮೆ, ಕಬಡ್ಡಿ ಬಯಲಿನ ಕಾರಣ ಹೆಚ್ಚು.

ಆ ಬಯಲಿನ ಮಾತಿಗೆ ಬರುತ್ತೇನೆ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಪುಲಿಕೇಶಿ ಎಂಬ ಹೆಸರು ಜನರ ಬಾಯಲ್ಲಿ ದಿನಬಳಕೆಯಲ್ಲಿ ಉಳಿದಿದ್ದರೆ ಇಷ್ಟು ಹೊತ್ತಿಗೆ ‘ಹುಲಿಕೇಶಿ’ ಆಗಿರಬೇಕಿತ್ತು. ಆಗಲಿಲ್ಲ. ಏಕೆಂದರೆ ಹೆಸರು ಕಲ್ಲಿನಲ್ಲಿ, ತಾಮ್ರಪಟದಲ್ಲಿ ಕುಳಿತಿತ್ತು. ಕೂಗಿ ಕರೆಯುವವರು ಇರಲಿಲ್ಲ. ನಮ್ಮ ಹುಡುಗರು ಅದನ್ನು ಎರಡು ವರ್ಷ ಕೂಗಿದರು, ‘ಪುಲ್ಯಾ’ ‘ಹುಲ್ಯಾ’ ಆಗಿಯೇ ಬಿಟ್ಟ. ಭಾಷೆ ಶತಮಾನಗಳಲ್ಲಿ ಮಾಡುವ ಕೆಲಸವನ್ನು ಅವರು ಪರೀಕ್ಷೆಗೆ ಮೊದಲೇ ಮುಗಿಸಿದ್ದರು.

ಹೆಸರು ಬಳಕೆ ತಪ್ಪಿದ್ದು ಎಂದಿನಿಂದ? ಇಮ್ಮಡಿ ಪುಲಕೇಶಿಯ ನಂತರ ಬಾದಾಮಿಯ ಸಿಂಹಾಸನದ ಮೇಲೆ ಆ ಹೆಸರಿನ ಇನ್ನೊಬ್ಬ ಅರಸ ಕೂರಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ‘ವಾತಾಪಿಕೊಂಡ’ನೆನಿಸಿಕೊಂಡ. ಮುಂದೆ ರಾಜ್ಯವನ್ನು ಮರಳಿ ಕಟ್ಟಿದ ಮಗನ ಹೆಸರು ವಿಕ್ರಮಾದಿತ್ಯ. ಆಮೇಲೆ ವಿನಯಾದಿತ್ಯ, ವಿಜಯಾದಿತ್ಯ, ಮತ್ತೊಬ್ಬ ವಿಕ್ರಮಾದಿತ್ಯ, ಮತ್ತೊಬ್ಬ ಕೀರ್ತಿವರ್ಮ. ಗುಜರಾತಿನ ಕಡೆ ಆಳುತ್ತಿದ್ದ ಶಾಖೆಯಲ್ಲಿ ಅವನಿಜನಾಶ್ರಯ ಪುಲಕೇಶಿ ಎಂಬ ಒಬ್ಬನಿದ್ದ; ಅರಬರ ಸೇನೆಯನ್ನು ತಡೆದವನೆಂದು ನವಸಾರಿಯ ತಾಮ್ರಪಟ ಹೇಳುತ್ತದೆ. ಇನ್ನು ಕಲ್ಯಾಣದ ಚಾಲುಕ್ಯರು ತಾವು ಬಾದಾಮಿಯವರ ವಂಶಸ್ಥರೆಂದು ಹೇಳಿಕೊಂಡರೂ ಅವರ ಅರಸರಲ್ಲಿ ತೈಲಪ, ಜಯಸಿಂಹ, ಸೋಮೇಶ್ವರ, ವಿಕ್ರಮಾದಿತ್ಯರಿದ್ದಾರೆ, ಪುಲಕೇಶಿ ಇಲ್ಲ. ಇಮ್ಮಡಿ ಪುಲಕೇಶಿಯ ಬಿರುದಾದ ‘ಸತ್ಯಾಶ್ರಯ’ವನ್ನು ಹೆಸರಾಗಿ ಇಟ್ಟುಕೊಂಡರೇ ಹೊರತು ಅವನ ಹೆಸರನ್ನಲ್ಲ. ಸೋತು ಸತ್ತವನ ಹೆಸರೆಂದು ಬಿಟ್ಟರೋ, ಹಳೆಯದೆನಿಸಿತೋ. ನಮ್ಮಲ್ಲಿಯೂ ಅಕಾಲದಲ್ಲಿ ಹೋದವರ ಹೆಸರನ್ನು ಕೂಸಿಗಿಡಲು ಹಿಂದೆಗೆಯುತ್ತಾರೆ.

ಹೊರನಾಡಿನವರ ಕಿವಿಗೆ ಈ ಹೆಸರು ಹೇಗೆ ಕೇಳಿಸಿತು ಎಂಬುದು ಇನ್ನೊಂದು ಸ್ವಾರಸ್ಯ. ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ನಮ್ಮ ಕಡೆ ಬಂದಾಗ ಆಳುತ್ತಿದ್ದವನು ಇಮ್ಮಡಿ ಪುಲಕೇಶಿ. ಅವನು ಚೀನೀ ಅಕ್ಷರಗಳಲ್ಲಿ ದೊರೆಯ ಹೆಸರನ್ನು ಬರೆದುಕೊಂಡದ್ದು ‘ಪು-ಲೋ-ಕಿ-ಶೆ’ ಎಂದು. ನಡುವಿನ ಅಕ್ಷರ ‘ಲಿ’ಗಿಂತ ‘ಲ’ಕ್ಕೆ ಹತ್ತಿರ. ನನ್ನ ಪರವಾಗಿ ಒಬ್ಬ ಸಾಕ್ಷಿಯಾದರೂ ಸಿಕ್ಕನೆಂದು ಖುಷಿಪಟ್ಟದ್ದುಂಟು. ಆದರೆ ಪರದೇಶದವನು ಕಿವಿಯಿಂದ ಕೇಳಿ ತನ್ನ ಲಿಪಿಯಲ್ಲಿ ಇಳಿಸಿದ್ದನ್ನು ಗುಡಿಸಿನ ವ್ಯಾಜ್ಯಕ್ಕೆ ಸಾಕ್ಷಿ ಹಾಕುವುದು ನ್ಯಾಯವಲ್ಲ. ಅರಬ್ಬಿಯಲ್ಲಿ ಬರೆದ ಇತಿಹಾಸಕಾರ ತಬರಿಯು, ಪರ್ಷಿಯದ ಎರಡನೆಯ ಖುಸ್ರೂವಿಗೆ ಹಿಂದೂಸ್ಥಾನದ ಅರಸನೊಬ್ಬ ದೂತರನ್ನು ಕಳಿಸಿದ ಸಂಗತಿ ಹೇಳುತ್ತಾನೆ. ಅಲ್ಲಿ ಬರುವ ಕೆಟ್ಟುಹೋದ ಹೆಸರನ್ನು ಕೆಲವರು ಪುಲಕೇಶಿ ಎಂದು ಓದಿದ್ದಾರೆ; ಎಲ್ಲರೂ ಒಪ್ಪಿಲ್ಲ.

ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ‘ಪುಲಕೇಶಿನ್’ ಬೇರೆ ಅರಸನೇ ಎಂದು ಕಾಲೇಜಿಗೆ ಹೋದ ಮಕ್ಕಳು ನನ್ನನ್ನು ಕೇಳುತ್ತಿದ್ದರು. ಸಂಸ್ಕೃತದಲ್ಲಿ ಮೂಲ ಶಬ್ದ ‘ಕೇಶಿನ್’. ‘ಯೋಗಿನ್’ ಎಂಬುದು ನಮ್ಮಲ್ಲಿ ಯೋಗಿ, ‘ಹಸ್ತಿನ್’ ಎಂಬುದು ಹಸ್ತಿ ಆದಂತೆ ಇದು ಕೇಶಿ. ಧಾರವಾಡ, ವಿಜಾಪುರ ಸೀಮೆಯ ಶಾಸನಗಳನ್ನು ಓದಿ ಕನ್ನಡ ನಾಡಿನ ರಾಜವಂಶಗಳ ಇತಿಹಾಸ ಬರೆದ ಫ್ಲೀಟ್ ಸಾಹೇಬರಿಂದ ಹಿಡಿದು ಎಲ್ಲರೂ ಆ ನಕಾರವನ್ನು ಉಳಿಸಿಕೊಂಡರು, ಅಷ್ಟೇ. ತಮಿಳರು ‘ಪುಲಿಕೇಸಿ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಹುಲಿಗೆ ಇಂದಿಗೂ ‘ಪುಲಿ’ ಎಂದೇ ಹೆಸರಾದ್ದರಿಂದ ಹುಲಿ ಅವರಿಗೆ ಥಟ್ಟನೆ ಕಾಣುತ್ತದೆ. 2006ರಲ್ಲಿ ವಡಿವೇಲು ಅಭಿನಯದ ತಮಿಳು ಹಾಸ್ಯಚಿತ್ರವೊಂದರಲ್ಲಿ ಅಂಜುಬುರುಕ ಅರಸನಿಗೆ ‘ಇಪ್ಪತ್ತಮೂರನೆಯ ಪುಲಿಕೇಸಿ’ ಎಂದು ಹೆಸರಿಟ್ಟರು. ನರಸಿಂಹವರ್ಮನ ಯುದ್ಧ ಅಲ್ಲಿಗೂ ಮುಗಿದಿಲ್ಲವೇನೋ ಎಂದು ನನಗೆ ನಗು ಬಂತು. ಬೆಂಗಳೂರಿನಲ್ಲಿ ಫ್ರೇಜರ್ ಟೌನ್ ಎಂಬ ಬಡಾವಣೆಗೆ ಇವನ ಹೆಸರಿಟ್ಟಿದ್ದಾರೆ. ಪತ್ರಿಕೆಗಳಲ್ಲಿ ಅದನ್ನು ಪುಲಕೇಶಿನಗರ ಎಂದೂ ಪುಲಿಕೇಶಿನಗರ ಎಂದೂ ಓದಿದ್ದೇನೆ. ಸರಕಾರದ ಬಡಾವಣೆ ಎರಡು ಹೆಸರಲ್ಲಿ ನೆಮ್ಮದಿಯಾಗಿದೆ. ಗೌಂಡಿಯ ಮಗನಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ.

ಒಂದು ಸಿನಿಮಾ ಒಂದು ಹೆಸರನ್ನು ಜನರಲ್ಲಿ ಹರಡಬಲ್ಲದು. 1975ರ ‘ಮಯೂರ’ದ ಬಳಿಕ ಮಯೂರ ಎಂಬ ಹುಡುಗರು ನಮ್ಮ ರಜಿಸ್ಟರಿನಲ್ಲಿಯೂ ಒಬ್ಬೊಬ್ಬರಾಗಿ ಬಂದರು. ಮೂರಕ್ಷರ, ಕೂಗಲು ಸುಲಭ, ನವಿಲೆಂದು ಎಲ್ಲರಿಗೂ ಗೊತ್ತು. ಪುಲಿಕೇಶಿಗೆ ಆ ಭಾಗ್ಯವಿರಲಿಲ್ಲ. ನನ್ನ ಸೇವೆಯ ಅವಧಿಯಲ್ಲಿ ನಮ್ಮ ಶಾಲೆಗೆ ಆ ಹೆಸರಿನವನು ಅವನೊಬ್ಬನೇ. ಅವನ ಮಗನೂ ಇಲ್ಲಿಯೇ ಓದಿದ. ಹೆಸರು ಬಸವರಾಜ. ಪ್ರವೇಶಕ್ಕೆ ಕರೆತಂದಾಗ, “ಅಜ್ಜ ಮತ್ತೊಂದು ರಾಜಕುಮಾರನ ಹೆಸರು ಹುಡುಕಲಿಲ್ಲೇನು?” ಎಂದು ಕೇಳಿದೆ. “ಇದನ್ನ ಯಾರೂ ತಪ್ಪು ಬರಿಯಾಕ ಬರೂದಿಲ್ಲ ನೋಡ್ರಿ ಸರ್,” ಎಂದ. ಅವನು ನಕ್ಕ, ನಾನು ರಜಿಸ್ಟರಿನತ್ತ ತಿರುಗಿದೆ. 2015ರಲ್ಲಿ ನಿವೃತ್ತನಾದೆ. ಹೇಳಬೇಕಾದ ಮಾತು ಹಾಗೇ ಉಳಿದಿತ್ತು.

ಈ ಲೇಖನ ಬರೆದು ಮುಗಿಸಿದ ಮೇಲೆ, ಅಚ್ಚಿಗೆ ಕೊಡುವ ಮೊದಲು ಅವನ ಒಪ್ಪಿಗೆ ಬೇಕೆಂದು ಫೋನ್ ಮಾಡಿ ಮೊದಲಿನ ಭಾಗ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ: “ಗೊತ್ತಿತ್ರಿ ಸರ್. ಟಿ.ಸಿ.ದು ಝೆರಾಕ್ಸ್ ನನ್ನ ಕೈಯಾಗ ಇತ್ತಲ್ರಿ ಅವತ್ತ. ರಜಿಸ್ಟರ್ ಅಕ್ಷರ ನಿಮ್ಮದು ಅಂತನೂ ಗೊತ್ತಿತ್ತು. ಬೋರ್ಡಿನ ಮ್ಯಾಲೆ ಮೂರು ವರ್ಷ ನೋಡೇನಲ್ರಿ.” ಮತ್ತೆ ಅವನೇ, “ಹಾಕ್ರಿ, ಹಾಕ್ರಿ, ನಮ್ಮ ಅತ್ತಿ ಹೆಸರು ಹೇಳಿದ್ದು ಸೇರಿಸೇ ಹಾಕ್ರಿ,” ಎಂದ.

ಹೊಸ ಗ್ರಂಥಾಲಯದ ಕೋಣೆಗೆ ದೇಣಿಗೆ ಕೊಟ್ಟ ಹಳೆಯ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬ. ಗೋಡೆಯ ಮೇಲೆ ಹೆಸರು ಬರೆಯಲು ಬಂದ ಪೇಂಟರ್ ಪಟ್ಟಿ ಹಿಡಿದುಕೊಂಡು, “ಇಲ್ಲಿ ‘ಲ’ ಏನ್ರಿ, ‘ಲಿ’ ಏನ್ರಿ?” ಎಂದು ಕೇಳಿದ. ಸಮಿತಿಯವರು ನನ್ನ ಕಡೆ ನೋಡಿದರು. ನಾನು ಈ ಸಲ ಉತ್ತರ ಕೊಡಲಿಲ್ಲ. ಅವನಿಗೇ ಫೋನ್ ಹಚ್ಚಿ ಪೇಂಟರನ ಕೈಗೆ ಕೊಟ್ಟೆ. ನೌಕರಿಯ ಕಾಗದಗಳಲ್ಲೆಲ್ಲ ಅವನು ಈಗಲೂ ಪುಲಕೇಶಿಯೇ. ಗೋಡೆಯ ಮೇಲೆ, ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ, ‘ಪುಲಿಕೇಶಿ’ ಎಂದಿದೆ. ಗುಡಿಸನ್ನು ಪೇಂಟರ್ ಸ್ವಲ್ಪ ದೊಡ್ಡದಾಗಿಯೇ ಎಳೆದಿದ್ದಾನೆ.